ನಿಮಗಿದು ಗೊತ್ತೇ? ಊಹೆಗೆ ಸಿಗದ ಸಂಖ್ಯೆಗೂ ಒಂದು ಕೈಪಿಡಿ

ಬ್ಯಾಂಕಿನ ಆ್ಯಪ್ ತೆರೆದಾಗ, ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುವಾಗ ನಿಮ್ಮ ಫೋನಿಗೆ ಯಾರೂ ಊಹಿಸಲಾಗದ ಸಂಖ್ಯೆಗಳು ಬೇಕೇ ಬೇಕು. ಗುಟ್ಟಿನ ಕೀಲಿ ಹುಟ್ಟುವುದೇ ಅವುಗಳಿಂದ. ಆದರೆ ಕಂಪ್ಯೂಟರು ಹೇಳಿದ್ದನ್ನು ಹೇಳಿದಂತೆ ಮಾಡುವ ಯಂತ್ರ, ಅಡ್ಡಾದಿಡ್ಡಿ ನಡೆಯುವುದು ಅದಕ್ಕೆ ತಾನಾಗಿ ಬರುವುದಿಲ್ಲ. ಹಾಗಾಗಿ ಚಿಪ್‌ನೊಳಗೆ ಒಂದು ಸಣ್ಣ ಭೌತಿಕ ಗದ್ದಲವನ್ನು ಸಾಕಿಕೊಂಡು, ಅದರಿಂದ ಬಿಟ್‌ಗಳನ್ನು ಹೆಕ್ಕುತ್ತಾರೆ. ಇದೇ ಹಾರ್ಡ್‌ವೇರ್ ರ‍್ಯಾಂಡಮ್ ನಂಬರ್ ಜನರೇಟರ್. ಅದನ್ನು ಓದುವುದು ಆಪರೇಟಿಂಗ್ ಸಿಸ್ಟಮ್‌ನ ಡ್ರೈವರ್. ಎಷ್ಟು ಹೊತ್ತು ಕಾಯಬೇಕು, ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂದು ಡ್ರೈವರ್ ಬರೆಯುವವರಿಗೆ ತಿಳಿಸುವುದು ಚಿಪ್‌ನ ದಾಖಲೆ. ಈ ಸಲದ ಅಂಕಣ ಆ ಚಿಪ್‌ಗಳ, ಆ ದಾಖಲೆಗಳ ಬಗ್ಗೆ.

● 1951ರಲ್ಲಿ ಬಂದ ಇಂಗ್ಲೆಂಡಿನ ಫೆರಾಂಟಿ ಮಾರ್ಕ್ 1 ಕಂಪ್ಯೂಟರಿನಲ್ಲೇ ಈ ಸೌಲಭ್ಯ ಇತ್ತು! ಒಂದು ಆದೇಶ ಕೊಟ್ಟರೆ ವಿದ್ಯುತ್ ಗದ್ದಲದಿಂದ 20 ರ‍್ಯಾಂಡಮ್ ಬಿಟ್‌ಗಳು ಸಿಗುತ್ತಿದ್ದವು. ಇದನ್ನು ಸೂಚಿಸಿದವರು ಅಲನ್ ಟ್ಯೂರಿಂಗ್.

● ಅಮೆರಿಕದ ರ‍್ಯಾಂಡ್ ಕಾರ್ಪೊರೇಷನ್ 1955ರಲ್ಲಿ ಹತ್ತು ಲಕ್ಷ ರ‍್ಯಾಂಡಮ್ ಅಂಕೆಗಳ ಪುಸ್ತಕವನ್ನೇ ಅಚ್ಚು ಹಾಕಿಸಿತು. ಯಂತ್ರದಿಂದ ಬಂದ ಅಂಕೆಗಳು ಕೊಂಚ ಒಂದು ಕಡೆಗೆ ವಾಲಿದ್ದನ್ನೂ ಅದನ್ನು ಸರಿಪಡಿಸಿದ ಬಗೆಯನ್ನೂ ಪುಸ್ತಕದ ಮುನ್ನುಡಿ ಮುಚ್ಚಿಡದೆ ಹೇಳುತ್ತದೆ. ಇಂಥ ಯಂತ್ರಗಳ ಬಗ್ಗೆ ಬಂದ ಒಳ್ಳೆಯ ದಾಖಲೆಗಳಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ ಸಲ್ಲಬೇಕು.

● ಬ್ರಿಟನ್ನಿನ ಪ್ರೀಮಿಯಂ ಬಾಂಡ್ ಬಹುಮಾನಗಳನ್ನು 1957ರಲ್ಲಿ ಮೊದಲ ಬಾರಿಗೆ ಆರಿಸಿದ ಯಂತ್ರದ ಹೆಸರು ಅರ್ನಿ. ನಿಯಾನ್ ಅನಿಲದ ಕೊಳವೆಗಳಲ್ಲಿ ಏಳುವ ವಿದ್ಯುತ್ ಗದ್ದಲವೇ ಅದರ ಬಂಡವಾಳ. 2019ರಲ್ಲಿ ಬಂದ ಐದನೆಯ ಅರ್ನಿ ಕ್ವಾಂಟಮ್ ವಿಧಾನಕ್ಕೆ ಬದಲಾಗಿದೆ.

● ಸುಮ್ಮನೆ ಬಿದ್ದಿರುವ ರೆಸಿಸ್ಟರ್ ಕೂಡ ಸದ್ದು ಮಾಡುತ್ತಿರುತ್ತದೆ. ಶಾಖದಿಂದ ಎಲೆಕ್ಟ್ರಾನ್‌ಗಳು ಓಲಾಡುವುದರಿಂದ ಏಳುವ ಈ ವಿದ್ಯುತ್ ಗದ್ದಲವನ್ನು ಬೆಲ್ ಪ್ರಯೋಗಾಲಯದ ಜಾನ್ ಜಾನ್ಸನ್ ಅಳೆದರು, ಹ್ಯಾರಿ ನೈಕ್ವಿಸ್ಟ್ ವಿವರಿಸಿದರು. ಇಬ್ಬರ ಬರಹಗಳೂ ಪ್ರಕಟವಾದದ್ದು 1928ರಲ್ಲಿ. ಸುಮಾರು 70 ವರ್ಷಗಳ ನಂತರ ಇಂಟೆಲ್ ತನ್ನ 810 ಚಿಪ್‌ಸೆಟ್ ಜೊತೆಗಿನ ಜನರೇಟರಿಗೆ ಬಳಸಿಕೊಂಡದ್ದು ಈ ಗದ್ದಲವನ್ನೇ. ವೇಗದ ಒಂದು ಆಂದೋಲಕ, ನಿಧಾನದ ಇನ್ನೊಂದು. ನಿಧಾನದ್ದರ ಲಯವನ್ನು ರೆಸಿಸ್ಟರ್ ಗದ್ದಲ ಕದಡುತ್ತದೆ. ಅದು ಮಿಡಿದ ಕ್ಷಣದಲ್ಲಿ ವೇಗದ್ದು ಸೊನ್ನೆಯಲ್ಲಿತ್ತೋ ಒಂದರಲ್ಲಿತ್ತೋ ನೋಡಿ ಒಂದು ಬಿಟ್ ಎತ್ತಿಕೊಳ್ಳುತ್ತಾರೆ. ಈ ಒಳರಚನೆಯನ್ನು ಹೊರಗಿನ ತಜ್ಞರಾದ ಬೆಂಜಮಿನ್ ಜುನ್ ಮತ್ತು ಪಾಲ್ ಕೋಚರ್ 1999ರಲ್ಲಿ ಪರಿಶೀಲಿಸಿ ವರದಿ ಬರೆದರು. ಆ ವರದಿಯನ್ನು ಯಾರು ಬೇಕಾದರೂ ಓದಬಹುದಿತ್ತು. ಚಿಪ್ ಕಂಪನಿಗಳು ಇಂದಿಗೂ ಅನುಸರಿಸಬೇಕಾದ ದಾರಿ ಇದು.

● ಒಂದು ಕಡೆಗೆ ವಾಲುವ ನಾಣ್ಯದಿಂದಲೂ ಸರಿಸಮನಾದ ಫಲಿತಾಂಶ ಪಡೆಯಬಹುದು. ಜಾನ್ ಫಾನ್ ನಾಯ್ಮನ್ 1951ರಲ್ಲಿ ಬರೆದ ಉಪಾಯ ಇದು. ಚೌಕಾಬಾರದ ಕವಡೆಯನ್ನೇ ತೆಗೆದುಕೊಳ್ಳಿ. ಬಾಯಿ ಮೇಲಾಗಿ ಬೀಳುವುದೂ ಬೆನ್ನು ಮೇಲಾಗಿ ಬೀಳುವುದೂ ಅದಕ್ಕೆ ಸಮಸಮ ಅಲ್ಲ. ಆದರೆ ಒಂದೇ ಕವಡೆಯನ್ನು ಎರಡೆರಡು ಸಲ ಹಾಕಿ ನೋಡಿ. ಮೊದಲು ಬಾಯಿ, ಆಮೇಲೆ ಬೆನ್ನು ಬಿದ್ದರೆ 1. ಮೊದಲು ಬೆನ್ನು, ಆಮೇಲೆ ಬಾಯಿ ಬಿದ್ದರೆ 0. ಎರಡು ಸಲವೂ ಒಂದೇ ಬಿದ್ದರೆ ಲೆಕ್ಕಕ್ಕಿಲ್ಲ. ಈಗ 0 ಮತ್ತು 1 ಬೀಳುವ ಸಾಧ್ಯತೆ ಸಮಸಮ! ಇಂಟೆಲ್‌ನ ಆ ಚಿಪ್ ಮಾಡುತ್ತಿದ್ದುದೂ ಇದನ್ನೇ. ಷರತ್ತು ಒಂದಿದೆ: ಮೊದಲ ಎಸೆತ ಎರಡನೆಯದರ ಮೇಲೆ ಪ್ರಭಾವ ಬೀರಬಾರದು. ಚಿಪ್‌ನ ದಾಖಲೆ ಈ ಷರತ್ತಿನ ಬಗ್ಗೆ ಬಾಯಿ ಬಿಡದಿದ್ದರೆ ಉಪಾಯದ ಮೇಲೆ ಭರವಸೆ ಇಡುವಂತಿಲ್ಲ.

● ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಈ ಚಿಪ್‌ಗಳಿಗೆಲ್ಲ ಒಂದೇ ಬಾಗಿಲು: ಎಚ್‌ಡಬ್ಲ್ಯುಆರ್‌ಎನ್‌ಜಿ ಎಂಬ ಹೆಸರಿನ ಸಾಧನ ಕಡತ. ಅದರ ಗುರುತು: ಮೇಜರ್ ಸಂಖ್ಯೆ 10, ಮೈನರ್ ಸಂಖ್ಯೆ 183. ಅದರ ಅಧಿಕೃತ ದಾಖಲೆ ಒಂದು ಎಚ್ಚರಿಕೆ ಕೊಡುತ್ತದೆ: ಇಲ್ಲಿಂದ ಬರುವ ಬಿಟ್‌ಗಳನ್ನು ನಾವು ಯಾವ ಪರೀಕ್ಷೆಗೂ ಒಳಪಡಿಸಿಲ್ಲ, ಚಿಪ್ ಕೆಟ್ಟಿದ್ದರೆ ಅಥವಾ ಯಾರಾದರೂ ಅದರೊಳಗೆ ಕೈಯಾಡಿಸಿದ್ದರೆ ಅವು ಪೊಳ್ಳಾಗಿರಬಹುದು, ಭದ್ರತೆ ಬೇಕೆನ್ನುವವರು ಪರೀಕ್ಷಿಸಿಯೇ ಬಳಸಬೇಕು. ತನ್ನ ಮಿತಿಯನ್ನು ಇಷ್ಟು ನೇರವಾಗಿ ಹೇಳಿಕೊಂಡಿರುವುದಕ್ಕೇ ಈ ದಾಖಲೆಯ ಮೇಲೆ ನನಗೆ ಗೌರವ.

● ಆ ಪರೀಕ್ಷೆ ಮಾಡುವುದು ಆರ್‌ಎನ್‌ಜಿಡಿ ಎಂಬ ಪ್ರೋಗ್ರಾಮ್. ಅದು ಬಳಸುವುದು ಅಮೆರಿಕ ಸರ್ಕಾರದ ಫಿಪ್ಸ್ 140-2 ಮಾನದಂಡದ ಪರೀಕ್ಷೆಗಳನ್ನು. ಒಂದು ಸಲಕ್ಕೆ 20,000 ಬಿಟ್, ಅಂದರೆ 2,500 ಬೈಟ್. ಅದರಲ್ಲಿ 1ರ ಎಣಿಕೆ 9,725ಕ್ಕಿಂತ ಹೆಚ್ಚು, 10,275ಕ್ಕಿಂತ ಕಡಿಮೆ ಇರಬೇಕು. ಒಂದೇ ಬಿಟ್ 26 ಸಲ ಅಥವಾ ಅದಕ್ಕೂ ಹೆಚ್ಚು ಸಲ ಸಾಲಾಗಿ ಬಂದರೆ ಆ ಕಂತು ಅನುತ್ತೀರ್ಣ.

● ಇಷ್ಟೆಲ್ಲ ಪರೀಕ್ಷೆ ಪಾಸಾದರೂ ಸಂಖ್ಯೆ ರ‍್ಯಾಂಡಮ್ ಆಗಿರಲೇಬೇಕೆಂದೇನೂ ಇಲ್ಲ! 1, 2, 3 ಎಂದು ಸುಮ್ಮನೆ ಎಣಿಸುತ್ತ ಹೋಗಿ, ಪ್ರತಿಯೊಂದನ್ನೂ ತನಗೆ ಮಾತ್ರ ಗೊತ್ತಿರುವ ಕೀಲಿಯಿಂದ ಗೂಢಲಿಪಿಗೆ ತಿರುಗಿಸಿ ಕೊಡುವ ಒಂದು ಮೋಸದ ಚಿಪ್ ಇದೆ ಎಂದುಕೊಳ್ಳಿ. ಬರುವ ಬಿಟ್‌ಗಳು ಎಲ್ಲ ಪರೀಕ್ಷೆಗಳನ್ನೂ ಸಲೀಸಾಗಿ ದಾಟುತ್ತವೆ. ಆದರೆ ಕೀಲಿ ಕೈಯಲ್ಲಿರುವವನಿಗೆ ಮುಂದಿನ ಸಂಖ್ಯೆ ಮೊದಲೇ ಗೊತ್ತು. ಸಂಖ್ಯೆಗಳನ್ನು ಎಷ್ಟೇ ತಿರುಗಿಸಿ ಮುರುಗಿಸಿ ನೋಡಿದರೂ ಈ ಮೋಸ ಬಯಲಾಗದು. ಹುಟ್ಟಿದ್ದು ಎಲ್ಲಿ, ಹುಟ್ಟಿದ್ದು ಹೇಗೆ ಎಂಬ ವಿವರ ಬೇಕು. ಈ ಒಂದೇ ಕಾರಣಕ್ಕೆ, ಬೇರೆ ಚಿಪ್‌ಗಳ ಕೈಪಿಡಿಗಿಂತ ಈ ಚಿಪ್‌ಗಳ ಕೈಪಿಡಿಯ ತೂಕ ಹೆಚ್ಚು.

● ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರನ್ನು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಅದರ ಮೊದಲ ಮಾದರಿಗಳಲ್ಲಿರುವ ಬ್ರಾಡ್‌ಕಾಮ್ ಚಿಪ್‌ನ ಜನರೇಟರು ಆನ್ ಮಾಡಿದ ಕೂಡಲೇ ಕೊಡುವ ಸಂಖ್ಯೆಗಳು ಅಷ್ಟು ರ‍್ಯಾಂಡಮ್ ಅಲ್ಲ. ಹಾಗಾಗಿ ಡ್ರೈವರ್ ಅದಕ್ಕೆ 2,62,144 ಎಂಬ ವಾರ್ಮಪ್ ಸಂಖ್ಯೆಯನ್ನು ಕೊಟ್ಟು, ಆರಂಭದ ಫಸಲನ್ನು ಎಸೆಯುವಂತೆ ಮಾಡುತ್ತದೆ. ಈ ಕಾರಣವನ್ನು ಡ್ರೈವರ್‌ನ ಕೋಡ್ ನಡುವೆ ಒಂದು ಸಾಲಿನ ಟಿಪ್ಪಣಿಯಾಗಿ ಬರೆದಿಟ್ಟಿದ್ದಾರೆ. ಆ ಸಾಲು ಇಲ್ಲದೇ ಹೋಗಿದ್ದರೆ, ಬೂಟ್ ಬೇಗ ಆಗಲಿ ಎಂದು ಮುಂದೆ ಯಾರಾದರೂ ಆ ಸಂಖ್ಯೆಯನ್ನೇ ಅಳಿಸಿಬಿಡಬಹುದಿತ್ತು.

● ಓದುವ ಆತುರವೂ ಅಪಾಯವೇ. ಕೆಲವು ಸರಳ ಜನರೇಟರುಗಳಲ್ಲಿ ಇರುವುದು ಒಂದೇ ಒಂದು ರಿಜಿಸ್ಟರ್ (ಚಿಪ್‌ನೊಳಗಿನ ಪುಟ್ಟ ನೆನಪಿನ ಜಾಗ), 'ಹೊಸ ಸಂಖ್ಯೆ ಸಿದ್ಧ' ಎಂದು ಹೇಳುವ ಸೂಚಕವೂ ಇರುವುದಿಲ್ಲ. ಇಂಥವಕ್ಕಾಗಿ ಲಿನಕ್ಸ್‌ನಲ್ಲಿ ಬೇರೆಯೇ ಡ್ರೈವರ್ ಇದೆ. ಎರಡು ಓದಿನ ನಡುವೆ ಎಷ್ಟು ಮೈಕ್ರೋಸೆಕೆಂಡ್ ಕಾಯಬೇಕು ಎಂಬುದನ್ನು ಹಾರ್ಡ್‌ವೇರ್ ವಿವರಣೆಯಲ್ಲಿ ಬರೆದುಕೊಡಬೇಕು. ಬೇಗ ಓದಿದರೆ ಹಳೆಯ ಸಂಖ್ಯೆಯೇ ಮತ್ತೆ ಕೈಗೆ ಬರಬಹುದು.

● ಸೊನ್ನೆಯ ಅರ್ಥವೇ ಒಂದು ದಿನ ತಿರುವುಮುರುವಾಯಿತು. ಪ್ರತಿ ಲಿನಕ್ಸ್ ಡ್ರೈವರ್ ತನ್ನ ಚಿಪ್‌ನ ಗುಣಮಟ್ಟವನ್ನು ಒಂದು ಸಂಖ್ಯೆಯಲ್ಲಿ ಹೇಳಬಹುದು: ಚಿಪ್ ಕೊಡುವ 1,024 ಬಿಟ್‌ಗಳಲ್ಲಿ ನಿಜಕ್ಕೂ ಊಹೆಗೆ ಸಿಗದವು ಎಷ್ಟು ಎಂದು. ಬಹಳ ಕಾಲ ಇಲ್ಲಿ 0 ಎಂದು ಬಿಟ್ಟರೆ 'ಗೊತ್ತಿಲ್ಲ' ಎಂದರ್ಥ. 2022ರಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ರ‍್ಯಾಂಡಮ್ ವಿಭಾಗ ನೋಡಿಕೊಳ್ಳುವ ಜೇಸನ್ ಡೊನೆನ್‌ಫೆಲ್ಡ್ ಇದನ್ನು ಬದಲಿಸಿದರು. ಅಂದಿನಿಂದ 0 ಎಂದರೆ 'ಪೂರ್ತಿ 1,024'! ಹೆಚ್ಚಿನ ಚಿಪ್‌ಗಳು ಪೂರ್ಣ ಗುಣಮಟ್ಟದವೇ, ಬರೆಯುವವರು ಆ ಜಾಗ ತುಂಬುವ ಗೋಜಿಗೆ ಹೋಗಿಲ್ಲ ಅಷ್ಟೇ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೂ ದುರ್ಬಲ ಚಿಪ್‌ಗೆ ಡ್ರೈವರ್ ಬರೆಯುವವರ ಹೊಣೆ ಈಗ ದೊಡ್ಡದಾಗಿದೆ. ಮೊದಲು ಸುಮ್ಮನಿದ್ದರೆ ಚಿಪ್ ಮೇಲೆ ಅನುಮಾನ ಉಳಿಯುತ್ತಿತ್ತು, ಈಗ ಸುಮ್ಮನಿದ್ದರೆ ಪೂರ್ತಿ ನಂಬಿಕೆ ಸಿಗುತ್ತದೆ.

● ವರ್ಚುವಲ್ ಯಂತ್ರಗಳಿಗೆ ರ‍್ಯಾಂಡಮ್ ಬಿಟ್ ಒದಗಿಸುವ ವರ್ಟಿಯೋ ಎಂಟ್ರಪಿ ಸಾಧನದ (ಎಂಟ್ರಪಿ ಎಂದರೆ ಊಹೆಗೆ ಸಿಗದಿರುವಿಕೆಯ ಅಳತೆ) ವಿವರಣೆ, ಇಂಥ ಯಂತ್ರಗಳ ಸಾಧನಗಳಿಗೆ ಮಾನದಂಡವಾದ ಇಡೀ ವರ್ಟಿಯೋ ಗ್ರಂಥದಲ್ಲೇ ತೀರ ಪುಟ್ಟ ಅಧ್ಯಾಯಗಳಲ್ಲಿ ಒಂದು. ಸಾಧನದ ಸಂಖ್ಯೆ 4, ಸರತಿ ಒಂದೇ, ವಿಶೇಷ ಸೌಲಭ್ಯ ಇಲ್ಲ, ಹೊಂದಾಣಿಕೆಯ ಆಯ್ಕೆಯೂ ಇಲ್ಲ. ಡ್ರೈವರ್ ಖಾಲಿ ಬಫರ್ ಕೊಡುತ್ತದೆ, ಸಾಧನ ಅದರಲ್ಲಿ ಕನಿಷ್ಠ ಒಂದು ಬೈಟ್ ತುಂಬಲೇಬೇಕು. ಮುಗಿಯಿತು.

● ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಪ್ರೊಸೆಸರುಗಳ ಗೂಢಲಿಪಿ ವಿಸ್ತರಣೆ 2021ರಲ್ಲಿ ಅಂತಿಮವಾಯಿತು. ಅದರಲ್ಲಿ 'ಸೀಡ್' ಎಂಬ ರಿಜಿಸ್ಟರ್ ಇದೆ. ಸುಮ್ಮನೆ 'ಓದು' ಎಂದಷ್ಟೇ ಆದೇಶ ಕೊಟ್ಟರೆ ಪ್ರೊಸೆಸರ್ ಒಪ್ಪುವುದಿಲ್ಲ, ಅಕ್ರಮ ಆದೇಶ ಎಂದು ತಳ್ಳಿಹಾಕುತ್ತದೆ. ಓದುವುದರ ಜೊತೆಗೆ ಬರೆಯುವ ಆದೇಶವನ್ನೇ ಬಳಸಬೇಕು. ಏಕೆಂದರೆ ಓದಿದ ಬಿಟ್‌ಗಳು ಅಲ್ಲಿಂದ ಅಳಿಸಿ ಹೋಗಬೇಕು, ಅವೇ ಬಿಟ್‌ಗಳು ಎರಡನೆಯವರ ಕೈಗೆ ಸಿಗಬಾರದು. ಒಮ್ಮೆಗೆ ಸಿಗುವುದು 16 ಬಿಟ್, ಜೊತೆಗೆ ಸ್ಥಿತಿ ತಿಳಿಸುವ 2 ಬಿಟ್. ಸ್ಥಿತಿಗಳು ನಾಲ್ಕು: ಸ್ವಪರೀಕ್ಷೆ ನಡೆಯುತ್ತಿದೆ, ಕಾಯಿರಿ, ಇಗೋ 16 ಬಿಟ್, ಸತ್ತಿದೆ. ಹೌದು, ನಾಲ್ಕನೆಯದರ ಹೆಸರೇ 'ಡೆಡ್'. ಕಾಯುವುದು ತಪ್ಪಲ್ಲ, ಅದು ದೋಷದ ಲಕ್ಷಣವೂ ಅಲ್ಲ ಎಂದು ಕೈಪಿಡಿ ಬಿಡಿಸಿ ಹೇಳುತ್ತದೆ. 'ಡೆಡ್' ಎಂದರೆ ಮಾತ್ರ ಆ ಮೂಲವನ್ನು ಕೈಬಿಡಬೇಕು. ಇನ್ನೂ ಸಿದ್ಧವಿಲ್ಲದ್ದಕ್ಕೂ ಕೆಟ್ಟುಹೋಗಿದ್ದಕ್ಕೂ ಇರುವ ಅಂತರವನ್ನು ಎರಡೇ ಬಿಟ್‌ನಲ್ಲಿ ಹಿಡಿದಿಟ್ಟ ಈ ವಿನ್ಯಾಸ ನನಗೆ ಬಹಳ ಮೆಚ್ಚು.

● ಇಂಟೆಲ್ 2012ರ ಐವಿ ಬ್ರಿಡ್ಜ್ ಪ್ರೊಸೆಸರುಗಳಲ್ಲಿ ಆರ್‌ಡಿರ‍್ಯಾಂಡ್ ಎಂಬ ಆದೇಶ ತಂದಿತು. ಸಂಖ್ಯೆ ಸಿಕ್ಕಿತೇ ಇಲ್ಲವೇ ಎಂಬುದನ್ನು ಕ್ಯಾರಿ ಫ್ಲ್ಯಾಗ್ ಎಂಬ ಒಂದೇ ಬಿಟ್ ಹೇಳುತ್ತದೆ. ಸಿಗದಿದ್ದರೆ 10 ಸಲ ಮತ್ತೆ ಕೇಳಿ, ಹತ್ತೂ ಸಲ ವಿಫಲವಾದರೆ ಪ್ರೊಸೆಸರ್‌ನಲ್ಲೇ ದೊಡ್ಡ ತೊಂದರೆ ಇದೆ ಎಂದು ತಿಳಿಯಿರಿ ಎನ್ನುತ್ತದೆ ಇಂಟೆಲ್‌ನ ಮಾರ್ಗದರ್ಶಿ. ಆದರೆ 'ಸಿಕ್ಕಿತು' ಎಂಬ ಮಾತೇ ಸುಳ್ಳಾದರೆ? 2019ರಲ್ಲಿ ಆದದ್ದು ಅದೇ. ಆಗಷ್ಟೇ ಬಿಡುಗಡೆಯಾದ ಎಎಮ್‌ಡಿ ರೈಝೆನ್ 3000 ಸರಣಿಯ ಪ್ರೊಸೆಸರುಗಳು ಇದೇ ಆದೇಶಕ್ಕೆ ಪ್ರತಿ ಸಲವೂ ಎಲ್ಲ ಬಿಟ್ 1 ಆಗಿರುವ ಒಂದೇ ಸಂಖ್ಯೆ ಕೊಟ್ಟು, ಯಶಸ್ವಿ ಎಂದು ಫ್ಲ್ಯಾಗ್ ಎತ್ತುತ್ತಿದ್ದವು. ಹೊಸ ಲಿನಕ್ಸ್ ಆವೃತ್ತಿಗಳು ಬೂಟ್ ಆಗಲಿಲ್ಲ, ಡೆಸ್ಟಿನಿ 2 ಎಂಬ ವಿಡಿಯೋ ಆಟ ತೆರೆಯಲಿಲ್ಲ. ಬಯೋಸ್ ಬದಲಿಸಿ ಸರಿಪಡಿಸಬೇಕಾಯಿತು. ಅಲ್ಲಿಂದ ಲಿನಕ್ಸ್ ಬೂಟ್ ಆಗುವಾಗ ಕೆಲವು ಸಲ ಓದಿ, ಸಂಖ್ಯೆ ಬದಲಾಗುತ್ತಿದೆಯೇ ಎಂದು ತಾನೇ ನೋಡಿಕೊಳ್ಳುತ್ತದೆ. 2025ರಲ್ಲಿ ಇದರ ಮರುಕಳಿಕೆ: ಎಎಮ್‌ಡಿಯ ಝೆನ್ 5 ಪ್ರೊಸೆಸರುಗಳಲ್ಲಿ ಇಂಥದೇ ಇನ್ನೊಂದು ಆದೇಶವಾದ ಆರ್‌ಡಿಸೀಡ್‌ನ 16 ಮತ್ತು 32 ಬಿಟ್ ರೂಪಗಳು ಆಗಾಗ ಸೊನ್ನೆ ಕೊಟ್ಟು ಯಶಸ್ವಿ ಎನ್ನುತ್ತಿದ್ದವು. 64 ಬಿಟ್ ರೂಪಕ್ಕೆ ಈ ತೊಂದರೆ ಇರಲಿಲ್ಲ.

● ಪ್ರೊಸೆಸರ್‌ನ ಒಂದು ಕೋರ್ ಓದಿದ ರ‍್ಯಾಂಡಮ್ ಸಂಖ್ಯೆಯನ್ನು ಇನ್ನೊಂದು ಕೋರ್ ಕದ್ದು ನೋಡಬಹುದು ಎಂದು 2020ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಇಂಟೆಲ್ ಚಿಪ್‌ಗಳ ಮೇಲೆ ತೋರಿಸಿದರು. ದೋಷದ ಹೆಸರು ಕ್ರಾಸ್‌ಟಾಕ್. ಅದನ್ನು ಮುಚ್ಚಿದ ಮೇಲೆ ಆರ್‌ಡಿರ‍್ಯಾಂಡ್ ನಿಧಾನವಾಯಿತು.

● ತೈವಾನಿನ ಕಥೆ ಈ ಇಡೀ ಕ್ಷೇತ್ರದಲ್ಲೇ ನನ್ನನ್ನು ಹೆಚ್ಚು ಕಾಡಿದ್ದು. ಅಲ್ಲಿನ ಸರ್ಕಾರ ನಾಗರಿಕರಿಗೆ ಡಿಜಿಟಲ್ ಸಹಿಗಾಗಿ ಸ್ಮಾರ್ಟ್ ಕಾರ್ಡ್ ಕೊಟ್ಟಿತ್ತು. ಕೀಲಿ ಹುಟ್ಟುವುದು ಕಾರ್ಡಿನೊಳಗೇ, ಅದರದೇ ಜನರೇಟರಿನಿಂದ. ಕಾರ್ಡಿಗೆ ಅಂತಾರಾಷ್ಟ್ರೀಯ ಭದ್ರತಾ ಪ್ರಮಾಣಪತ್ರಗಳೂ ಇದ್ದವು. ಸಂಶೋಧಕರು 20 ಲಕ್ಷಕ್ಕೂ ಹೆಚ್ಚು ಸಾರ್ವಜನಿಕ ಕೀಲಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ 184 ಕೀಲಿಗಳು ಒಡೆದವು. ಅವುಗಳಲ್ಲಿ ಹಲವು ಒಡೆದದ್ದು ಬೇರೆ ಬೇರೆ ಜನರ ಕೀಲಿಗಳಲ್ಲಿ ಒಂದೇ ಅವಿಭಾಜ್ಯ ಸಂಖ್ಯೆ ಅಡಗಿದ್ದರಿಂದ. ಅಂಥ ಒಂದು ಸಂಖ್ಯೆಯಂತೂ 46 ಸಲ ಮರುಕಳಿಸಿತ್ತು. ಅದರ ಮೊದಲ ಎರಡು ಬಿಟ್ 1, ಆಮೇಲೆ ಹೆಚ್ಚುಕಡಿಮೆ ಕೊನೆಯವರೆಗೂ ಬರೀ ಸೊನ್ನೆ. ಅಂದರೆ ಜನರೇಟರು ಕೊಟ್ಟದ್ದು ಬರೀ ಸೊನ್ನೆಗಳನ್ನು, ಸಾಫ್ಟ್‌ವೇರ್ ಮಾಡಿದ್ದು ಮೊದಲ ಎರಡು ಬಿಟ್ ಕೂರಿಸಿ ಮುಂದಿನ ಅವಿಭಾಜ್ಯ ಸಂಖ್ಯೆ ಹುಡುಕಿದ್ದಷ್ಟೇ. ಬಿಟ್ ಬರುತ್ತಿದೆಯೇ ಎಂದು ನಡುವೆ ಯಾರೂ ತಡೆದು ನೋಡಲಿಲ್ಲ. ಈ ಪ್ರಬಂಧ ಮಂಡನೆಯಾದದ್ದು 2013ರ ಡಿಸೆಂಬರಿನಲ್ಲಿ, ಏಷ್ಯಾಕ್ರಿಪ್ಟ್ ಸಮ್ಮೇಳನದಲ್ಲಿ. ಆ ವರ್ಷ ಸಮ್ಮೇಳನ ನಡೆದ ಊರು ನಮ್ಮ ಬೆಂಗಳೂರು!

● ಅದರ ಹಿಂದಿನ ವರ್ಷ, 2012ರಲ್ಲಿ, ನಾಡಿಯಾ ಹೆನಿಂಜರ್ ಮತ್ತು ಸಂಗಡಿಗರು ಇಡೀ ಇಂಟರ್‌ನೆಟ್ಟಿನ ಕೀಲಿಗಳನ್ನು ಇದೇ ರೀತಿ ಜಾಲಾಡಿದ್ದರು. ಸುರಕ್ಷಿತ ಸಂಪರ್ಕಕ್ಕೆ ಟಿಎಲ್‌ಎಸ್ ಬಳಸುವ ಯಂತ್ರಗಳಲ್ಲಿ ಶೇ 0.5ರಷ್ಟರ ಆರ್‌ಎಸ್‌ಎ ಗುಪ್ತ ಕೀಲಿ ಅವರ ಕೈಗೆ ಬಂತು. ಬಹುಪಾಲು ರೌಟರ್, ಫೈರ್‌ವಾಲ್‌ನಂಥ ಪುಟ್ಟ ಸಾಧನಗಳು. ಆನ್ ಮಾಡಿದ ಕೂಡಲೇ, ಸಾಕಷ್ಟು ಎಂಟ್ರಪಿ ಕೂಡುವ ಮುನ್ನವೇ ಕೀಲಿ ಮಾಡಿಕೊಂಡಿದ್ದವು.

● ಡಿಸ್ಕ್ ಕೆಲಸ ಚುರುಕಾದರೆ ಕಂಪ್ಯೂಟರು ಬೂಟ್ ಆಗದೇ ನಿಲ್ಲಬಹುದೇ? ನಿಂತಿತ್ತು. 2019ರ ಸೆಪ್ಟೆಂಬರಿನಲ್ಲಿ ಲಿನಕ್ಸ್ 5.3 ಹೊರಬರುವ ಹೊತ್ತಿಗೆ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಒಂದು ಒಳ್ಳೆಯ ಸುಧಾರಣೆ ಆಗಿತ್ತು. ಬೂಟ್ ವೇಳೆ ಡಿಸ್ಕ್ ಬಳಕೆ ತಗ್ಗಿತು. ಆದರೆ ಹಾರ್ಡ್‌ವೇರ್ ಜನರೇಟರ್ ಇಲ್ಲದ ಕಡೆ ಕರ್ನಲ್ ಎಂಟ್ರಪಿ ಕೂಡಿಸುತ್ತಿದ್ದುದೇ ಡಿಸ್ಕ್ ಇಂಟರಪ್ಟ್‌ಗಳು (ಕೆಲಸ ಮುಗಿದಾಗ ಡಿಸ್ಕ್ ಕೊಡುವ ಸೂಚನೆಗಳು) ಬರುವ ಸಮಯದಿಂದ! ಅವು ಕಡಿಮೆಯಾದವು, ಲಾಗಿನ್ ಪರದೆ ರ‍್ಯಾಂಡಮ್ ಸಂಖ್ಯೆಗಾಗಿ ಕಾಯುತ್ತ ಕೂತಿತು, ಕಾಯುತ್ತ ಕೂತಿದ್ದರಿಂದ ಇಂಟರಪ್ಟ್‌ಗಳೂ ಬರಲಿಲ್ಲ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಆ ಸುಧಾರಣೆಯನ್ನೇ ಹಿಂದಕ್ಕೆ ಪಡೆದು 5.3 ಬಿಡುಗಡೆ ಮಾಡಿದರು. 5.4ರಲ್ಲಿ ಪ್ರೊಸೆಸರ್ ಕೆಲಸಕ್ಕೆ ಹಿಡಿಯುವ ಸಮಯದ ಸೂಕ್ಷ್ಮ ಏರುಪೇರುಗಳಿಂದ ಎಂಟ್ರಪಿ ಹೆಕ್ಕುವ ವ್ಯವಸ್ಥೆ ಬಂತು. ಕಡತ ವ್ಯವಸ್ಥೆ ಬರೆಯುವವರಿಗೆ ತಮ್ಮ ಕೆಲಸಕ್ಕೂ ರ‍್ಯಾಂಡಮ್ ಸಂಖ್ಯೆಗೂ ನಂಟಿದೆ ಎಂದು ಹೇಗೆ ತಿಳಿಯಬೇಕಿತ್ತು? ಅವಲಂಬನೆ ಬರಹದಲ್ಲಿ ಇಲ್ಲದಿದ್ದರೆ ಅದು ಮುರಿದಾಗಲೇ ಕಾಣುವುದು.

● 2023ರಲ್ಲಿ ಕೆಲವು ಎಎಮ್‌ಡಿ ಕಂಪ್ಯೂಟರುಗಳಲ್ಲಿ ಹಾಡು ಆಗಾಗ ತಡವರಿಸುತ್ತಿತ್ತು. ಕಾರಣ ಫರ್ಮ್‌ವೇರ್‌ನಲ್ಲಿದ್ದ ಟಿಪಿಎಮ್ ಭದ್ರತಾ ಘಟಕ. ಕರ್ನಲ್ ಅದರಿಂದ ರ‍್ಯಾಂಡಮ್ ಬಿಟ್ ಕೇಳಿದಾಗಲೆಲ್ಲ ಯಂತ್ರ ಒಂದು ಕ್ಷಣ ನಿಲ್ಲುತ್ತಿತ್ತು. ಕೊನೆಗೆ ಆ ಮೂಲವನ್ನೇ ಬಳಕೆಯಿಂದ ತೆಗೆದರು.

● ಒಂದೇ ಚಿಪ್ ಮೇಲೆ ಪೂರ್ತಿ ಭಾರ ಹಾಕಬಾರದು ಎಂಬುದು ಈಗ ಒಪ್ಪಿತ ನಿಯಮ. ಅಮೆರಿಕದ ಬೇಹುಗಾರಿಕೆಯನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ದಾಖಲೆಗಳು ಹೊರಬಿದ್ದ 2013ರಲ್ಲಿ ಆರ್‌ಡಿರ‍್ಯಾಂಡ್ ಮೇಲೆ ಎಲ್ಲೆಡೆ ಅನುಮಾನ ಎದ್ದಿತು. ಮಾಲ್ಟಾದಲ್ಲಿ ಸೇರಿದ್ದ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ಅಭಿವೃದ್ಧಿಕಾರರು, ಚಿಪ್‌ನ ಬಿಟ್‌ಗಳನ್ನು ನೇರವಾಗಿ ಬಳಕೆದಾರರಿಗೆ ಕೊಡುವುದು ಬೇಡ, ಬೇರೆ ಮೂಲಗಳ ಜೊತೆ ಕಲಸಿಯೇ ಕೊಡೋಣ ಎಂದು ತೀರ್ಮಾನಿಸಿದರು. ಲಿನಕ್ಸ್ ಆಗಲೇ ಹಾಗೆ ಕಲಸುತ್ತಿತ್ತು. ಸರಿಯಾಗಿ ಕಲಸಿದರೆ ಒಂದು ಮೂಲ ಕೆಟ್ಟಿದ್ದರೂ ಒಳ್ಳೆಯ ಮೂಲ ಉಳಿದದ್ದನ್ನು ಕಾಯುತ್ತದೆ. 2018ರ ಲಿನಕ್ಸ್ 4.19, ಪ್ರೊಸೆಸರನ್ನು ನಂಬಬೇಕೇ ಬೇಡವೇ ಎಂಬ ಆಯ್ಕೆಯನ್ನು ಕರ್ನಲ್ ಕಟ್ಟುವವರ ಕೈಗೇ ಬಿಟ್ಟಿತು.

● ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಮಜುಂದಾರ್ ಅವರ ತಂಡ 2022ರಲ್ಲಿ ಪರಮಾಣುವಿನಷ್ಟು ತೆಳುವಾದ ಪದರಗಳನ್ನು ಒಂದರ ಮೇಲೊಂದು ಜೋಡಿಸಿ ಜನರೇಟರ್ ಮಾಡಿದೆ. ಎಲೆಕ್ಟ್ರಾನ್ ಒಂದು ಬೋನಿಗೆ ಸಿಕ್ಕಿಬಿದ್ದರೆ ವಿದ್ಯುತ್ ಏರುತ್ತದೆ, ತಪ್ಪಿಸಿಕೊಂಡರೆ ಇಳಿಯುತ್ತದೆ. ಯಾವಾಗ ಸಿಗುತ್ತದೆ, ಯಾವಾಗ ತಪ್ಪಿಸಿಕೊಳ್ಳುತ್ತದೆ ಎಂದು ಯಾರಿಗೂ ಗೊತ್ತಾಗದು. ಕನಿಷ್ಠ ಎಂಟ್ರಪಿಯ ಅಳತೆಯಲ್ಲಿ 1ಕ್ಕೆ 0.98ರಷ್ಟು ಸಿಕ್ಕಿತು.

● ಅದೇ ಊರಿನ ಸದಾಶಿವನಗರದಲ್ಲಿರುವ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಇನ್ನೂ ಆಳದ ಪ್ರಶ್ನೆಗೆ ಕೈಹಾಕಿತು. ಬಂದ ಸಂಖ್ಯೆಗಳನ್ನಷ್ಟೇ ನೋಡಿ ಅವು ರ‍್ಯಾಂಡಮ್ ಎನ್ನಲಾಗದು ಎಂದೆವಲ್ಲ? ಬೆಳಕಿನ ಒಂಟಿ ಫೋಟಾನನ್ನು ಬೇರೆ ಬೇರೆ ಸಮಯದಲ್ಲಿ ಅಳೆದು, ಆ ಅಳತೆಗಳು ಲೆಗೆಟ್-ಗಾರ್ಗ್ ಅಸಮಾನತೆ ಎಂಬ ಮಿತಿಯನ್ನು ಮೀರುತ್ತವೆ ಎಂದು ಅವರು ತೋರಿಸಿದರು. ಮೊದಲೇ ನಿಗದಿಯಾದ ಫಲಿತಾಂಶಗಳು ಈ ಮಿತಿಯನ್ನು ಮೀರಲಾರವು. ಹೀಗೆ ಭೌತವಿಜ್ಞಾನವೇ ಖಾತರಿ ಕೊಟ್ಟ 9 ಲಕ್ಷಕ್ಕೂ ಹೆಚ್ಚು ಬಿಟ್‌ಗಳು ಸಿಕ್ಕವು, ವೇಗ ಸೆಕೆಂಡಿಗೆ ಸುಮಾರು 4,000. ಫಲಿತಾಂಶ ಪ್ರಕಟವಾದದ್ದು 2024ರಲ್ಲಿ, ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ.

● ಆರೋಗ್ಯವಾಗಿರುವ ಚಿಪ್ ಕೂಡ ಅಪರೂಪಕ್ಕೆ ಸುಳ್ಳು ಎಚ್ಚರಿಕೆ ಕೊಡುತ್ತದೆ! ಅಮೆರಿಕದ ನಿಸ್ಟ್ ಸಂಸ್ಥೆ 2018ರಲ್ಲಿ ಹೊರತಂದ 800-90ಬಿ ಮಾನದಂಡದ ಪ್ರಕಾರ ಚಿಪ್ ಓಡುತ್ತಿರುವಷ್ಟು ಹೊತ್ತೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಒಂದು ಪರೀಕ್ಷೆ ತೀರ ಸರಳ: ಒಂದೇ ಬೆಲೆ ಎಷ್ಟು ಸಲ ಸಾಲಾಗಿ ಬಂತು? ಪ್ರತಿ ಬಿಟ್ ಪೂರ್ಣ ಎಂಟ್ರಪಿ ಉಳ್ಳದ್ದೆಂದು ತಯಾರಕರು ಹೇಳಿಕೊಂಡಿದ್ದು, ಸುಳ್ಳು ಎಚ್ಚರಿಕೆಯ ಸಾಧ್ಯತೆಯನ್ನು ಸುಮಾರು ಹತ್ತು ಲಕ್ಷಕ್ಕೆ ಒಂದು ಎಂದು ಇಟ್ಟುಕೊಂಡರೆ, 21ನೆಯ ಸಲಕ್ಕೆ ಗಂಟೆ ಬಾರಿಸಬೇಕು. ಅರ್ಧ ಎಂಟ್ರಪಿ ಎಂದಿದ್ದರೆ 41ನೆಯ ಸಲಕ್ಕೆ. ಗಂಟೆ ಬಾರಿಸಿದಾಗ ಡ್ರೈವರ್ ಏನು ಮಾಡಬೇಕು, ಮತ್ತೆ ಕೇಳಬೇಕೇ, ಚಿಪ್ ಅನ್ನು ಆಫ್ ಮಾಡಿ ಮತ್ತೆ ಆನ್ ಮಾಡಬೇಕೇ, ಶಾಶ್ವತವಾಗಿ ಕೈಬಿಡಬೇಕೇ? ಈ ಒಂದು ಪ್ಯಾರಾ ಇಲ್ಲದ ಡೇಟಾಶೀಟ್ ಅಪೂರ್ಣ ಎಂದೇ ನನ್ನ ಎಣಿಕೆ.

● ಪೆನ್‌ಡ್ರೈವ್‌ನಂತೆ ಚುಚ್ಚಿಕೊಳ್ಳುವ ಜನರೇಟರುಗಳೂ ಇವೆ. ಕೀತ್ ಪ್ಯಾಕರ್ಡ್ ಮತ್ತು ಬಿಡೇಲ್ ಗಾರ್ಬಿ ಅವರ ಕೇಯಾಸ್‌ಕೀಗೆ 2015ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಡ್ರೈವರ್ ಇದೆ. ನ್ಯೂಜಿಲೆಂಡಿನ ಒನ್‌ಆರ್‌ಎನ್‌ಜಿಗೆ ಮೇಲಿನ ಲೋಹದ ಮುಚ್ಚಳ ಬಿಚ್ಚಲು ಬರುವಂತೆ ಮಾಡಿದ್ದಾರೆ. ಕೊಂಡವರು ಅದನ್ನು ತೆಗೆದು, ಪ್ರಕಟವಾಗಿರುವ ಸರ್ಕ್ಯೂಟ್ ನಕ್ಷೆಯ ಪಕ್ಕದಲ್ಲಿಟ್ಟು, ಒಳಗಿರುವ ಬಿಡಿಭಾಗಗಳನ್ನು ಒಂದೊಂದಾಗಿ ತಾಳೆ ನೋಡಬಹುದು.